ಬೇಕರಿಯ ನೆತ್ತಿಯ ಮೇಲಿನ ಜೋಡಿ

ಬೀದಿಯವರೆಲ್ಲ ಅವನನ್ನು ಲೈಟಣ್ಣ ಅಂತಲೇ ಕರೆಯುತ್ತಿದ್ದರು. ಅಂಗಡಿಗಳಿಗೆ ಬೆಳಕಿನ ಬೋರ್ಡು ಮಾಡಿಕೊಡುವುದು ಅವನ ಕಸುಬು. ಮನೆಯ ಕೆಳಗಿನ ದೊಡ್ಡ ಕೋಣೆಯೇ ಅವನ ಕಾರ್ಖಾನೆ. ಬಣ್ಣದ ಪ್ಲಾಸ್ಟಿಕ್ ಹಾಳೆಗಳನ್ನು ಅಕ್ಷರದ ಆಕಾರಕ್ಕೆ ಕತ್ತರಿಸಿ, ಒಳಗೆ ಪುಟಾಣಿ ಬಲ್ಬುಗಳ ಪಟ್ಟಿ ಅಂಟಿಸಿ, ವೈರು ಬೆಸೆದು, ಸ್ವಿಚ್ಚು ಒತ್ತಿದಾಗ ಹೆಸರೊಂದು ಝಗ್ಗನೆ ಹೊತ್ತಿಕೊಂಡರೆ ಅವನಿಗೆ ಅವತ್ತಿನ ಊಟವೂ ಬೇಕಿರಲಿಲ್ಲ. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಅವನ ಅಂಗಿಗೂ ತಲೆಗೂದಲಿಗೂ ಕಾಯಂ ಆಗಿ ಅಂಟಿಕೊಂಡಿತ್ತು. ಅವನ ಹೆಂಡತಿ ಸಿಟಿ ಬಸ್ಸಿನ ಡ್ರೈವರು. ಡೀಸೆಲ್ ವಾಸನೆ ಹೊತ್ತು ಮನೆಗೆ ಬಂದು, "ರೀ, ನೀವು ಯಾವ ಮೂಲೇಲಿ ಇದ್ದೀರಿ ಅಂತ ಮೂಗೇ ಹೇಳುತ್ತೆ" ಅನ್ನುತ್ತಿದ್ದಳು. "ನಿನ್ನದೂ ಅಷ್ಟೇ ಕಣೇ" ಅಂತ ಅವನು ತಿರುಗಿ ಹೇಳುವುದು. ಹೀಗೆ ಇಬ್ಬರ ಸಂಸಾರ ಚೆನ್ನಾಗಿಯೇ ನಡೆದಿತ್ತು.

ಮೂರನೆಯವರೆಂದರೆ ಹೆಂಡತಿಯ ತಾಯಿ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತಿಯಾದವರು. ದೂರದ ಊರಿಗೆ ಮಾತಾಡಬೇಕೆಂದರೆ ಮೊದಲೇ ಹೇಳಿ, ಗಂಟೆಗಟ್ಟಲೆ ಕಾದು ಕೂರಬೇಕಾಗಿದ್ದ ಕಾಲದಲ್ಲಿ ತಂತಿಯ ಈ ತುದಿಯವರನ್ನು ಆ ತುದಿಯವರಿಗೆ ಜೋಡಿಸಿಕೊಡುತ್ತಿದ್ದವರು. ದನಿ ಇನ್ನೂ ಹಾಗೇ ಇತ್ತು, ತೊಳೆದಿಟ್ಟ ಗಾಜಿನ ಲೋಟದ ಹಾಗೆ. ಎರಡು ವರ್ಷದ ಹಿಂದೆ ಮಗಳ ಮನೆಗೆ ಬಂದಾಗ, ಒಳಗೆ ಹಸನಾದ ಕೋಣೆ ಕೊಟ್ಟರೂ ಒಲ್ಲೆ ಅಂದು ತಾರಸಿಯ ಮೇಲಿನ ಒಂಟಿ ರೂಮೇ ಬೇಕು ಅಂತ ಹಠ ಹಿಡಿದರು. ಸಂಜೆ ಕತ್ತಲಾಗುತ್ತಿದ್ದ ಹಾಗೆ ಬೆತ್ತದ ಕುರ್ಚಿ ಹೊರಗೆಳೆದುಕೊಂಡು ಉತ್ತರದ ಕಡೆ ಮುಖ ಮಾಡಿ ಕೂರುವುದು ಅವರ ಪದ್ಧತಿ. ಯಾಕೆ ಅಂತ ಅಳಿಯ ಕೇಳಿರಲಿಲ್ಲ. ಗಾಳಿಗೆ ಕೂತಿರಬಹುದು ಅಂದುಕೊಂಡಿದ್ದ. ಅತ್ತೆ ಅವನನ್ನು ಸಾಮಾನ್ಯವಾಗಿ "ಏನಪ್ಪಾ" ಅನ್ನುತ್ತಿದ್ದರು. "ಅಳಿಯಂದಿರೇ" ಅಂದರೆ ಮಾತ್ರ ಏನೋ ಎಡವಟ್ಟಾಗಿದೆ ಅಂತ ಅರ್ಥ.

ಆ ಬೇಸಿಗೆಯಲ್ಲಿ ಎದುರುಗಡೆಯ ಬೇಕರಿಯವನು ಹೊಸ ಬೋರ್ಡು ಬೇಕು ಅಂದ. ಲೈಟಣ್ಣ ತನ್ನ ಕೈಚಳಕವನ್ನೆಲ್ಲ ಅದಕ್ಕೆ ಸುರಿದ. ಬೇಕರಿಯ ಚಾವಣಿಯ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ, ಅದರಲ್ಲಿ ದಿಂಬಿನಷ್ಟು ಉಬ್ಬಿದ ಹಳದಿ ಬೆಳಕಿನ ಬ್ರೆಡ್ಡು. ದಿಂಬು ಅಂದೆನೇ? ಒಂದು ಸಂಸಾರವೇ ಮಲಗಬಹುದಾದ ಹಾಸಿಗೆ ಅನ್ನಿ. ಅದರ ಮೇಲೆ ಬಿಳಿ ಬೆಳಕಿನ ಹಬೆ ಒಂದಾದ ಮೇಲೊಂದು ಸುರುಳಿಯಾಗಿ ಏಳುತ್ತಿತ್ತು. ಮೊದಲ ಸಂಜೆ ಸ್ವಿಚ್ಚು ಒತ್ತಿದಾಗ ಬೀದಿಯವರೆಲ್ಲ ಹೋ ಎಂದು ಚಪ್ಪಾಳೆ ತಟ್ಟಿದರು. ಬೇಕರಿಯವನು ಹಿಟ್ಟಿನ ಕೈಯಲ್ಲೇ ಅವನನ್ನು ಅಪ್ಪಿಕೊಂಡ. ಲೈಟಣ್ಣನ ಕಾಲು ನೆಲದ ಮೇಲಿರಲಿಲ್ಲ. ಎರಡೆರಡು ಮೆಟ್ಟಿಲು ಹಾರಿಕೊಂಡು ತಾರಸಿಗೆ ಓಡಿದ.

"ಹೇಗಿದೆ ಅತ್ತೆ?"

ಅತ್ತೆ ಕುರ್ಚಿಯಲ್ಲೇ ಕೂತಿದ್ದರು. ಮುಖ, ಸೀರೆ, ಕುರ್ಚಿ, ಹಿಂದಿನ ಗೋಡೆ ಎಲ್ಲ ಹಳದಿ ಬಳಿದ ಹಾಗಿತ್ತು.

"ಬಹಳ ಚೆನ್ನಾಗಿದೆ ಅಳಿಯಂದಿರೇ. ಇನ್ನು ಮೇಲೆ ನಾನು ರೂಮಿನ ದೀಪ ಹಾಕಬೇಕಾಗಿಲ್ಲ. ಕಣ್ಣು ಮುಚ್ಚಿದರೂ ಬ್ರೆಡ್ಡೇ ಕಾಣುತ್ತೆ."

ಲೈಟಣ್ಣನ ನಗು ಅರ್ಧಕ್ಕೇ ನಿಂತಿತು.

"ಅಲ್ಲಿ ನೋಡಿ," ಅತ್ತೆ ಬೆರಳು ಎತ್ತಿದರು. "ಆ ಹಬೆಯ ಮೇಲೆ. ಸಪ್ತರ್ಷಿಗಳು ಅಂತಾರಲ್ಲ, ಸೌಟಿನ ಹಾಗೆ ಏಳು ನಕ್ಷತ್ರ. ಸೌಟಿನ ಹಿಡಿಯಲ್ಲಿ ನಡುವಿನದು ಎಷ್ಟಿದೆ ಹೇಳಿ?"

ಅವನು ಕಣ್ಣು ಕಿರಿದು ಮಾಡಿ ನೋಡಿದ. ಬೋರ್ಡಿನ ಬೆಳಕಿಗೆ ಕಣ್ಣಲ್ಲಿ ನೀರು ಬಂತು. ಸೌಟೂ ಇಲ್ಲ, ಹಿಡಿಯೂ ಇಲ್ಲ. ಎಲ್ಲೋ ಒಂದು ಮಂಕು ಚುಕ್ಕೆ.

"ಒಂದು."

"ನಿನ್ನೆಯವರೆಗೆ ಎರಡಿತ್ತು. ದೊಡ್ಡದೊಂದು, ಅದಕ್ಕೆ ಅಂಟಿಕೊಂಡ ಹಾಗೆ ಚಿಕ್ಕದೊಂದು. ವಸಿಷ್ಠ, ಅರುಂಧತಿ ಅಂತ ಪುಸ್ತಕದಲ್ಲಿ ಬರೀತಾರೆ. ಚಿಕ್ಕದನ್ನು ನಿಮ್ಮ ಬ್ರೆಡ್ಡು ತಿಂದುಬಿಟ್ಟಿತು."

"ಅಯ್ಯೋ ಬಿಡಿ ಅತ್ತೆ, ಅಷ್ಟು ದೊಡ್ಡ ಆಕಾಶದಲ್ಲಿ ಒಂದು ಚುಕ್ಕೆ ಹೋದರೆ ಏನಾಯ್ತು!" ಅಂದ ಲೈಟಣ್ಣ, ಹಗುರವಾಗಿ. ಅತ್ತೆ ಕುರ್ಚಿ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಎರಡು ವಾರ ಕಳೆಯಿತು. ಅತ್ತೆ ಮುನಿಸು ತೋರಿಸಲಿಲ್ಲ, ಅದೇ ಅವನಿಗೆ ಹೆಚ್ಚು ಕಷ್ಟವಾಯಿತು. ತಟ್ಟೆಗೆ ಬಡಿಸುವಾಗಲೂ "ಇನ್ನಷ್ಟು ಹಾಕಲೇ ಅಳಿಯಂದಿರೇ?" ಅನ್ನುವರು. ಒಂದು ಭಾನುವಾರ ಸಂಜೆ, ತಾರಸಿಯ ತಂತಿಯಲ್ಲಿ ಒಣಗಿದ್ದ ಬಟ್ಟೆ ತರಲು ಹೋದವನಿಗೆ ಅವರು ಫೋನಿನಲ್ಲಿ ಮಾತಾಡುತ್ತಿದ್ದದ್ದು ಕೇಳಿಸಿತು.

"ಹ್ಞೂಂ ಕಣೇ, ಕಾಣ್ತಾ ಇದೆ. ಎರಡೂ ಕಾಣ್ತಾ ಇದೆ. ಚಿಕ್ಕದು ಇವತ್ತು ಎಷ್ಟು ಚೆನ್ನಾಗಿ ಕಾಣ್ತಿದೆ ಅಂತೀಯಾ!"

ಹಾಗೆ ಹೇಳುವಾಗ ಅವರ ಮುಖದ ಮೇಲೆ ಬ್ರೆಡ್ಡಿನ ಹಬೆ ಹೊತ್ತಿ ಆರುತ್ತಿತ್ತು. ಸುಳ್ಳು ಹೇಳಿ ಅಭ್ಯಾಸವಿಲ್ಲದವರು ಹೇಳುವ ಸುಳ್ಳು. ಲೈಟಣ್ಣ ಬಟ್ಟೆ ಬಿಟ್ಟು ಬೆಕ್ಕಿನ ಹೆಜ್ಜೆ ಹಾಕುತ್ತ ಕೆಳಗಿಳಿದ.

"ಯಾರ ಹತ್ರ ಮಾತಾಡ್ತಾರೆ ಅತ್ತೆ, ಪ್ರತಿ ಭಾನುವಾರ?" ಅಂತ ಹೆಂಡತಿಯನ್ನು ಕೇಳಿದ. ಅವಳು ಯೂನಿಫಾರ್ಮಿನ ಗುಂಡಿ ಹೊಲಿಯುತ್ತಿದ್ದಳು.

"ಇಷ್ಟು ವರ್ಷ ಆಯ್ತು, ನಿಮಗೆ ಗೊತ್ತಿಲ್ವಾ? ಆಚೆ ಕಡೆಯವಳ ಹತ್ರ."

ಆಮೇಲೆ ಹೇಳಿದಳು. ಅಮ್ಮ ಈ ಊರಿನ ಎಕ್ಸ್‌ಚೇಂಜಿನಲ್ಲಿದ್ದಾಗ ಇನ್ನೊಂದು ಊರಿನ ಎಕ್ಸ್‌ಚೇಂಜಿನಲ್ಲಿ ಒಬ್ಬ ಹೆಂಗಸಿದ್ದಳು. ತಂತಿ ಜೋಡಿಸುವಾಗಲೆಲ್ಲ ಇವರಿಗೆ ಅವಳ ದನಿ, ಅವಳಿಗೆ ಇವರ ದನಿ. ಕೆಲಸ ಕಡಿಮೆಯಿದ್ದ ಹೊತ್ತಿನಲ್ಲಿ ಮಾತಾಡಿ ಮಾತಾಡಿ ಜೀವದ ಗೆಳತಿಯರಾದರು. ನಕ್ಷತ್ರದ ಹುಚ್ಚು ಆಚೆ ಕಡೆಯವಳದು. "ನಿನ್ನ ಕಿಟಕಿಯಿಂದ ಉತ್ತರ ಕಾಣುತ್ತಾ? ಹಾಗಾದರೆ ಇಬ್ಬರೂ ಅದನ್ನೇ ನೋಡೋಣ" ಅಂತ ಶುರುವಾದದ್ದು. ಎರಡೂ ಊರಿನಿಂದ ಒಂದೇ ಜೋಡಿ ಕಾಣುತ್ತೆ ಅನ್ನುವುದೇ ಅವರಿಗೊಂದು ಖುಷಿ. ಮುಖಾಮುಖಿ ಭೇಟಿಯಾದದ್ದು ಮಾತ್ರ ಒಂದೇ ಸಲ, ಅದೂ ಯಾವುದೋ ರೈಲ್ವೆ ಸ್ಟೇಷನ್ನಿನಲ್ಲಿ, ರೈಲು ನಿಂತಷ್ಟು ಹೊತ್ತು.

"ನಾನು ಅವರನ್ನ ದೊಡ್ಡಮ್ಮ ಅಂತೀನಿ. ಈಗ ಅವರಿಗೆ ಕಣ್ಣಿನ ಪೊರೆ ತೆಗೆದಿದ್ದಾರಂತೆ. ಹೊಸ ಕಣ್ಣಲ್ಲಿ ಮೊದಲು ಆ ಚಿಕ್ಕ ನಕ್ಷತ್ರವನ್ನ ಅಮ್ಮನ ಪಕ್ಕದಲ್ಲೇ ಕೂತು ನೋಡಬೇಕು ಅಂತ ಹೊರಟಿದ್ದಾರೆ. ಮುಂದಿನ ಶನಿವಾರ ಬರ್ತಾರೆ," ಅಂದಳು ಹೆಂಡತಿ, ದಾರವನ್ನು ಹಲ್ಲಿನಿಂದ ಕಡಿದು. "ಬ್ರೆಡ್ಡು ತೋರಿಸಿ ಕಳಿಸೋಣ ಬಿಡಿ."

ಲೈಟಣ್ಣ ಮರುಬೆಳಿಗ್ಗೆಯೇ ಬೇಕರಿಗೆ ಓಡಿ, ಅತ್ತೆಯ ನಕ್ಷತ್ರದ ಸಂಗತಿ ಹೇಳಿದ. ಬೇಕರಿಯವನು ಒಳ್ಳೆ ಮನುಷ್ಯ, ದುಂಡಗೆ, ಮೆತ್ತಗೆ, ಆದರೆ ವ್ಯಾಪಾರದ ಮಾತು ಬಂದರೆ ಮೂರು ದಿನದ ಬನ್ನಿನ ಹಾಗೆ ಗಟ್ಟಿ.

"ಶನಿವಾರ ಸಂಜೆ ಬೋರ್ಡು ಆರಿಸೋದಾ? ಏನಯ್ಯಾ, ಹುಷಾರಾಗಿದ್ದೀಯ ತಾನೇ?"

"ಸ್ವಲ್ಪ ಹೊತ್ತು ಅಷ್ಟೇ ಮಾರಾಯಾ."

"ಬೆಳಕಿದ್ದರೆ ಜನ ಬರ್ತಾರೆ, ಬೆಳಕಿಲ್ಲದಿದ್ದರೆ ಅಂಗಡಿ ಮುಚ್ಚಿದೆ ಅಂದ್ಕೊಂಡು ಹೋಗ್ತಾರೆ ಅಂತ ನನ್ನ ತಲೆ ತಿಂದೋನು ಯಾರು? ನೀನೇ ತಾನೇ?"

ಲೈಟಣ್ಣ ತಲೆ ಕೆರೆದುಕೊಂಡ. ಹೇಳಿದ್ದು ನಿಜ. ಬೋರ್ಡು ಮಾರುವಾಗ ಅದಕ್ಕಿಂತ ಹೆಚ್ಚೂ ಹೇಳಿದ್ದ.

"ನಿನ್ನ ಮುಖ ನೋಡಿ ಹಬೆ ಬೇಕಾದರೆ ಆರಿಸ್ತೀನಿ," ಅಂದ ಬೇಕರಿಯವನು ಕೊನೆಗೆ. "ಬ್ರೆಡ್ಡು ಮುಟ್ಟೋ ಹಾಗಿಲ್ಲ."

ಹಬೆ ಆರಿಸಿ ನೋಡಿದ್ದಾಯಿತು. ಏನೂ ಉಪಯೋಗವಾಗಲಿಲ್ಲ. ಶುಕ್ರವಾರ ಲೈಟಣ್ಣನಿಗೆ ಇನ್ನೊಂದು ಉಪಾಯ ಹೊಳೆಯಿತು. ತಾರಸಿಯ ಅಂಚಿನಲ್ಲಿ ಎರಡು ಗಳ ನಿಲ್ಲಿಸಿ, ನಡುವೆ ದೊಡ್ಡದೊಂದು ಕಪ್ಪು ಟಾರ್ಪಾಲು ಕಟ್ಟಿದ. ಬ್ರೆಡ್ಡು ಮರೆಯಾಯಿತು. ಹಿಗ್ಗಿನಿಂದ ಅತ್ತೆಯನ್ನು ಕರೆಯಬೇಕು ಅನ್ನುವಷ್ಟರಲ್ಲಿ ಗಾಳಿ ಎದ್ದಿತು. ಟಾರ್ಪಾಲು ಹಡಗಿನ ಹಾಯಿಯ ಹಾಗೆ ಉಬ್ಬಿ, ಹಗ್ಗ ಕಿತ್ತುಕೊಂಡು, ಬೀದಿ ದಾಟಿ ಬೇಕರಿಯ ಮುಂದೆ ಚಹಾ ಕುಡಿಯುತ್ತ ನಿಂತಿದ್ದವರ ಮೇಲೆ ದೊಪ್ಪನೆ ಬಿತ್ತು. ಒಳಗಿನಿಂದ ಕೈಕಾಲುಗಳು ಒದ್ದಾಡಿದವು, ಲೋಟಗಳು ಉರುಳಿದವು. ಬೇಕರಿಯವನು ಹೊರಗೆ ಬಂದು ಸೊಂಟಕ್ಕೆ ಕೈಯಿಟ್ಟು ತಾರಸಿಯತ್ತ ನೋಡಿದ. ಲೈಟಣ್ಣ ಕುಕ್ಕರಗಾಲಲ್ಲಿ ಕೂತು ಗೋಡೆಯ ಹಿಂದೆ ಅಡಗಿಕೊಂಡ.

ಬೆನ್ನ ಹಿಂದೆ ಯಾರೋ ಕಿಸಕ್ಕೆಂದರು. ಅತ್ತೆ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡಿದ್ದರು.

"ಇದೆಲ್ಲ ಏನಪ್ಪಾ?"

"ಏನಪ್ಪಾ" ಅಂದದ್ದೇ ತಡ, ಅವನು ಇದ್ದದ್ದನ್ನೆಲ್ಲ ಹೇಳಿಬಿಟ್ಟ. ಫೋನಿನ ಮಾತು ಕೇಳಿಸಿಕೊಂಡದ್ದನ್ನೂ ಮುಚ್ಚಿಡಲಿಲ್ಲ. ಅತ್ತೆ ಬಾಯಿಂದ ಸೆರಗು ತೆಗೆದು, "ನೀನು ಇಷ್ಟು ಒದ್ದಾಡಿದೆಯಲ್ಲ, ಅಷ್ಟೇ ಸಾಕು ಬಿಡು. ಹೋಗಿ ಮೊದಲು ಟಾರ್ಪಾಲು ಎತ್ತು, ಪಾಪ, ಯಾರೋ ಇನ್ನೂ ಒಳಗೇ ಇದ್ದಾರೆ" ಅಂದರು.

ಟಾರ್ಪಾಲು ಮಡಿಸುತ್ತಿದ್ದಾಗ ಬೇಕರಿಯವನು ಹತ್ತಿರ ಬಂದ. ಬೈಯುತ್ತಾನೆ ಅಂದುಕೊಂಡರೆ, ಚೆಲ್ಲಿದ ಚಹಾ ಒರೆಸುತ್ತ, "ಅಲ್ಲಯ್ಯಾ, ಅತ್ತೆಗೋಸ್ಕರ ಇಷ್ಟೊಂದು ಮಾಡೋ ಅಳಿಯನ್ನ ನಾನು ನೋಡಿರಲಿಲ್ಲ" ಅಂದ. "ಸರಿ, ನಾಳೆ ಬೋರ್ಡು ಆರಿಸ್ತೀನಿ. ಆದರೆ ಅಂಗಡಿ ತೆರೆದಿದೆ ಅಂತ ಜನಕ್ಕೆ ಗೊತ್ತಾಗಬೇಕು. ಆರಿಸಿರೋವಷ್ಟು ಹೊತ್ತೂ ನೀನೇ ಬೀದೀಲಿ ನಿಂತು ಕೂಗಬೇಕು. ಒಲೆಯಿಂದ ಇಳಿಸಿದ ಒಂದು ಬನ್ನೂ ಉಳಿಯಕೂಡದು. ಒಪ್ಪಿಗೆನಾ?"

ಲೈಟಣ್ಣ ಬೋರ್ಡಿನಲ್ಲಿ ಎಷ್ಟು ದೊಡ್ಡ ಅಕ್ಷರ ಬೇಕಾದರೂ ಬರೆದಾನು, ನಾಲ್ಕು ಜನರ ಮುಂದೆ ಬಾಯಿ ತೆರೆಯುವುದೆಂದರೆ ಅವನಿಗೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಆದರೂ "ಒಪ್ಪಿಗೆ" ಅಂದ.

ಶನಿವಾರ ಮಧ್ಯಾಹ್ನ ಹೆಂಡತಿ ತನ್ನ ಬಸ್ಸಿನಲ್ಲೇ ದೊಡ್ಡಮ್ಮನನ್ನು ಕರೆತಂದಳು. ಎತ್ತರದ ಹೆಂಗಸು, ಅಗಲ ಹೆಜ್ಜೆ, ಕಪ್ಪು ಕನ್ನಡಕ, ಒಂದು ಕೈಯಲ್ಲಿ ಸೂಟ್‌ಕೇಸು. ಇಬ್ಬರು ಗೆಳತಿಯರೂ ಬಾಗಿಲಲ್ಲಿ ಒಬ್ಬರ ಕೈ ಇನ್ನೊಬ್ಬರು ಹಿಡಿದುಕೊಂಡು ನಿಂತರು. ಕಣ್ಣು ತುಂಬಿಕೊಂಡರು. ಒಳಗೆ ಬಂದು ಎದುರು ಬದುರು ಕೂತರು. ಆಮೇಲೆ ವಿಚಿತ್ರವೊಂದು ನಡೆಯಿತು. ಇಬ್ಬರಿಗೂ ಮಾತೇ ಹೊರಡಲಿಲ್ಲ.

"ಪ್ರಯಾಣ ಚೆನ್ನಾಗಿತ್ತಾ?"

"ಚೆನ್ನಾಗಿತ್ತು."

"ಬಿಸಿಲು ಜಾಸ್ತಿ."

"ಹೌದು, ಜಾಸ್ತಿ."

ವಾರ ವಾರ ಫೋನಿನಲ್ಲಿ ಗಂಟೆಗಟ್ಟಲೆ ಹರಟುವವರು ಈಗ ಹೆಣ್ಣು ನೋಡಲು ಬಂದವರ ಮುಂದೆ ಕೂತವರ ಹಾಗೆ ನೆಲ ನೋಡುತ್ತಿದ್ದರು. ಲೈಟಣ್ಣ, ಹೆಂಡತಿ ಮುಖ ಮುಖ ನೋಡಿಕೊಂಡರು. ಕೊನೆಗೆ ಅತ್ತೆ ಕಾಫಿ ಮಾಡುತ್ತೇನೆ ಅಂತ ಅಡುಗೆಮನೆಗೆ ಎದ್ದು ಹೋದರು. ಪಾತ್ರೆ ಇಟ್ಟ ಸದ್ದಾಯಿತು. ಅಲ್ಲಿಂದಲೇ, ಗೋಡೆಯಾಚೆಯಿಂದ, "ಅಲ್ಲ ಕಣೇ, ನಿನ್ನ ಸೂಪರ್‌ವೈಸರು ಇನ್ನೂ ಬದುಕಿದ್ದಾನಾ?" ಅಂತ ಕೇಳಿತು.

ದೊಡ್ಡಮ್ಮ ಚಿಮ್ಮಿ ನೆಟ್ಟಗೆ ಕೂತರು. "ಬದುಕಿದ್ದಾನಾ ಅಂತ ಕೇಳ್ತೀಯಾ! ಮೂರನೇ ಮದುವೆಗೆ ತಯಾರಾಗಿದ್ದಾನೆ!"

ಅಷ್ಟೇ. ಕಟ್ಟೆ ಒಡೆಯಿತು. ಕಾಫಿ ಉಕ್ಕಿ ಒಲೆಯೆಲ್ಲ ಹರಿದರೂ ಅತ್ತೆಗೆ ಗೊತ್ತಾಗಲಿಲ್ಲ. ಇಡೀ ಮಧ್ಯಾಹ್ನ ಒಬ್ಬರು ಹೊರಗಿನ ಕೋಣೆಯಲ್ಲಿ, ಒಬ್ಬರು ಅಡುಗೆಮನೆಯಲ್ಲಿ. ನಡುವೆ ಗೋಡೆ, ಗೋಡೆಯ ಆಚೀಚೆ ನಗು. "ಇವರಿಗೆ ಒಂದೊಂದು ರೂಮು ಕೊಟ್ಟು ಬಾಗಿಲು ಹಾಕಿಬಿಡೋದು ವಾಸಿ" ಅಂತ ಹೆಂಡತಿ ಗಂಡನ ಕಿವಿಯಲ್ಲಿ ಪಿಸುಗುಟ್ಟಿದಳು.

ಕತ್ತಲು ಇಳಿಯಿತು. ಆಕಾಶ ತಿಳಿಯಾಗಿತ್ತು, ಒಂದು ಮೋಡವೂ ಇಲ್ಲ. ಹೆಂಡತಿ ಇಬ್ಬರನ್ನೂ ತಾರಸಿಗೆ ಕರೆದೊಯ್ದು ಕುರ್ಚಿಗಳಲ್ಲಿ ಕೂರಿಸಿದಳು. ಲೈಟಣ್ಣ ಬೀದಿಗಿಳಿದ. ಬೇಕರಿಯವನು ಸ್ವಿಚ್ಚಿನ ಮೇಲೆ ಕೈಯಿಟ್ಟು ಹುಬ್ಬೆತ್ತಿದ. ಲೈಟಣ್ಣ ತಲೆಯಾಡಿಸಿದ. ಬ್ರೆಡ್ಡು ಪಕ್ಕನೆ ಆರಿತು.

ಬೀದಿಗೆ ಬೀದಿಯೇ ಕಣ್ಣು ಮುಚ್ಚಿಕೊಂಡ ಹಾಗಾಯಿತು. ಮರದ ಕೊಂಬೆಗಳೊಳಗಿನ ಬೀದಿದೀಪಗಳು ಮೊದಲೇ ಮಂಕು. "ಅಯ್ಯೋ, ಬೇಕರಿ ಮುಚ್ಚಿಬಿಟ್ಟ ಕಣೇ" ಅನ್ನುತ್ತ ಇಬ್ಬರು ಹೆಂಗಸರು ಹಿಂದಿರುಗಿದರು. ಲೈಟಣ್ಣ ಗಂಟಲು ಸರಿಮಾಡಿಕೊಂಡ.

"ಬ್ರೆಡ್ಡು..." ಅಂದ. ಯಾವುದೋ ಗುಟ್ಟು ಹೇಳಿದ ಹಾಗೆ ಬಂತು. ಇನ್ನೊಮ್ಮೆ ಉಸಿರೆಳೆದುಕೊಂಡು "ಬನ್ನು!" ಅಂದ. ಪಕ್ಕದಲ್ಲಿ ಹೋಗುತ್ತಿದ್ದವನೊಬ್ಬ ಬೆಚ್ಚಿಬಿದ್ದು ದೂರ ಸರಿದ. ಬೇಕರಿಯವನು ಹಣೆ ಚಚ್ಚಿಕೊಂಡ.

ಆಗ ಮೇಲಿನಿಂದ ಒಂದು ದನಿ ಇಳಿದು ಬಂತು. ಕೂಗಿದ್ದಲ್ಲ, ಆದರೆ ಬೀದಿಯ ಈ ಕೊನೆಯಿಂದ ಆ ಕೊನೆಯವರೆಗೆ ಪ್ರತಿಯೊಬ್ಬರ ಕಿವಿಯ ಪಕ್ಕದಲ್ಲೇ ನಿಂತು ಹೇಳಿದ ಹಾಗಿತ್ತು.

"ದಯವಿಟ್ಟು ಗಮನಿಸಿ. ಬೇಕರಿ ತೆರೆದಿದೆ. ಬಿಸಿ ಬನ್ನು ಈಗಷ್ಟೇ ಒಲೆಯಿಂದ ಇಳಿದಿದೆ. ದಯವಿಟ್ಟು ಸಾಲಿನಲ್ಲಿರಿ."

ಅತ್ತೆ! ಜನ ಗಕ್ಕನೆ ನಿಂತು ತಲೆ ಎತ್ತಿದರು. ಕತ್ತಲಲ್ಲಿ ಯಾರೂ ಕಾಣಲಿಲ್ಲ. ಇನ್ನೊಂದು ದನಿ, ಇದು ಇನ್ನಷ್ಟು ಗತ್ತಿನದು, ಕೂಡಲೇ ಎತ್ತಿಕೊಂಡಿತು.

"ಆಚೆ ಕಡೆಯಿಂದ ಮಾತಾಡ್ತಾ ಇದ್ದೀನಿ. ಮಧ್ಯಾಹ್ನ ನಾನೇ ತಿಂದು ನೋಡಿದೆ. ಬನ್ನು ಹತ್ತಿಯ ಹಾಗಿದೆ. ಹಿಂದಿರುಗಿ ಹೋಗ್ತಿರೋ ಇಬ್ಬರು ತಾಯಂದಿರೇ, ನಿಮಗೇ ಹೇಳ್ತಿರೋದು!"

ಬೀದಿಯಲ್ಲಿ ನಗೆ ಉಕ್ಕಿತು. ಆ ಇಬ್ಬರು ಹೆಂಗಸರು ನಗುತ್ತ ವಾಪಸು ಬಂದರು. ದನಿ ಎಲ್ಲಿಂದ ಬಂತೆಂದು ನೋಡಲು ಬಂದವರು ಬೇಕರಿಯ ಮುಂದೆ ನೆರೆದರು. ನೆರೆದ ಮೇಲೆ ಬನ್ನಿನ ಘಮ ಅವರನ್ನು ಹಿಡಿದು ನಿಲ್ಲಿಸಿತು. ಬೇಕರಿಯವನ ಕೈಗೆ ಪುರುಸೊತ್ತಿಲ್ಲದಾಯಿತು. "ನೀನು ಹೋಗಯ್ಯಾ ಮೇಲಕ್ಕೆ," ಅಂತ ಲೈಟಣ್ಣನ ಬೆನ್ನಿಗೆ ಗುದ್ದಿದ, "ಇಲ್ಲಿದ್ದರೆ ನೀನು ಗಿರಾಕಿಗಳನ್ನ ಹೆದರಿಸಿ ಓಡಿಸ್ತೀಯ!"

ಲೈಟಣ್ಣ ತಾರಸಿಗೆ ಬಂದಾಗ ಪ್ರಕಟಣೆ ಮುಗಿದಿತ್ತು. ಇಬ್ಬರೂ ಆಕಾಶ ನೋಡುತ್ತಿದ್ದರು. ದೊಡ್ಡಮ್ಮ ಕಪ್ಪು ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡಿದ್ದರು.

"ಒಂದೇ ಕಣೇ," ಅಂದರು ಸಣ್ಣ ದನಿಯಲ್ಲಿ. "ನನಗೆ ಒಂದೇ ಕಾಣ್ತಿರೋದು."

ಅತ್ತೆ ಆಕಾಶದಿಂದ ಕಣ್ಣು ತೆಗೆಯದೆ, "ಆತುರ ಬೇಡ. ಕಣ್ಣಿಗೆ ಕತ್ತಲು ಅಭ್ಯಾಸ ಆಗಲಿ. ಲೈನಲ್ಲಿರು" ಅಂದರು.

ಕೆಳಗಿನಿಂದ ಜನರ ಮಾತು, ಕಾಗದದ ಪೊಟ್ಟಣಗಳ ಚರಪರ ಕೇಳುತ್ತಿತ್ತು. ಲೈಟಣ್ಣನೂ ತಲೆ ಎತ್ತಿ ನೋಡುತ್ತ ನಿಂತ. ಮೆಲ್ಲಗೆ ಒಂದೊಂದಾಗಿ ಚುಕ್ಕೆಗಳು ಮೂಡತೊಡಗಿದವು. ಸೌಟು ಮೂಡಿತು, ಹಿಡಿ ಮೂಡಿತು. ಹಿಡಿಯ ನಡುವೆ ದೊಡ್ಡದು ಹೊಳೆಯುತ್ತಿತ್ತು. ಅದರ ಪಕ್ಕಕ್ಕೆ, ಮುಟ್ಟಿಯೂ ಮುಟ್ಟದ ಹಾಗೆ...

"ಇದೆ!" ಅಂತ ಕಿರುಚಿದವನು ಅವನೇ. "ಅತ್ತೆ, ಇದೆ! ಪುಟಾಣಿ! ಪಕ್ಕದಲ್ಲೇ ಇದೆ!"

"ತಡಿಯಪ್ಪ, ನಿನಗೆ ತೋರಿಸೋಕೆ ನಾನು ಅಷ್ಟು ದೂರದಿಂದ ಬಂದಿಲ್ಲ," ಅಂದರು ದೊಡ್ಡಮ್ಮ. ಮರುಕ್ಷಣ ಅವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. "ಅಯ್ಯೋ... ಇದೆ ಕಣೇ. ಎರಡು. ಸೂಜಿ ಚುಚ್ಚಿದ ಹಾಗೆ. ಎಷ್ಟು ವರ್ಷ ಆಯ್ತೇ ಇದನ್ನ ನೋಡಿ!"

ಅತ್ತೆ ಅವರ ಕೈ ಹಿಡಿದುಕೊಂಡರು. "ಎಷ್ಟು ವರ್ಷ ಅಂದರೆ? ಪೊರೆ ತೆಗೆಸೋವರೆಗೂ ಫೋನಲ್ಲಿ ಕಾಣ್ತಿದೆ ಅಂತಲೇ ಹೇಳ್ತಿದ್ದೆಯಲ್ಲ?"

ದೊಡ್ಡಮ್ಮ ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ನಕ್ಕರು. "ಪೊರೆ ಬಂದಾಗಿನಿಂದ ನನಗೆ ದೊಡ್ಡದೂ ಕಾಣ್ತಿರಲಿಲ್ಲ. ನೀನು ಬೇಜಾರು ಮಾಡ್ಕೋತೀಯ ಅಂತ ಬರೀ ಬಾಯಿಮಾತಿಗೆ ಹ್ಞೂಂ ಹ್ಞೂಂ ಅಂತಿದ್ದೆ."

"ನಾನೂ ಬ್ರೆಡ್ಡು ನೋಡಿಕೊಂಡು ಹ್ಞೂಂ ಅಂತಿದ್ದೆ!"

ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಹೊಟ್ಟೆ ಹಿಡಿದುಕೊಂಡು, ಕಣ್ಣೊರೆಸಿಕೊಂಡು, ಮತ್ತೆ ನಕ್ಕರು. ಈಗ ಅವರ ನಡುವೆ ಗೋಡೆ ಬೇಕಾಗಿರಲಿಲ್ಲ. "ದುರ್ಬೀನಿನಲ್ಲಿ ನೋಡಿದರೆ ಆ ದೊಡ್ಡದೇ ಇನ್ನೂ ಎರಡಾಗಿ ಕಾಣುತ್ತಂತೆ ಕಣೇ" ಅಂತ ದೊಡ್ಡಮ್ಮ ಶುರುಮಾಡಿದರು. "ಹಾಗಾದರೆ ಒಂದು ದುರ್ಬೀನು ತರಿಸೋಣ" ಅಂದರು ಅತ್ತೆ. ಲೈಟಣ್ಣನಿಗೆ ಅದ್ಯಾವುದೂ ಕಿವಿಗೆ ಬೀಳಲಿಲ್ಲ. ನಲವತ್ತು ದಾಟಿದ ಗಂಡಸು, ಬಾಯಿ ತೆರೆದುಕೊಂಡು ನಿಂತೇ ಇದ್ದ. ಜೀವಮಾನವೆಲ್ಲ ಕತ್ತಲೆಯನ್ನು ಓಡಿಸುವುದೇ ಕೆಲಸ ಅಂದುಕೊಂಡವನಿಗೆ, ಕತ್ತಲೆಯಲ್ಲಿ ನೋಡುವಂಥದ್ದು ಇಷ್ಟಿದೆ ಅಂತ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಅವನು ಕೇಳುತ್ತಿರಲಿಲ್ಲ.

ಹೆಂಡತಿ ಅವನ ಕತ್ತು ಹಿಡಿದು ಮೆಲ್ಲಗೆ ಅಲ್ಲಾಡಿಸಿದಳು. "ರೀ, ಕತ್ತು ಹಾಗೇ ನಿಂತುಬಿಡುತ್ತೆ."

ಬೇಕರಿಯಲ್ಲಿ ಅವತ್ತು ಒಂದು ಬನ್ನೂ ಉಳಿಯಲಿಲ್ಲ. ಒಂದೇ ದಿನಕ್ಕೆಂದು ಬಂದ ದೊಡ್ಡಮ್ಮ ಒಂದು ವಾರ ಉಳಿದರು. ದಿನಾ ಸಂಜೆ ಬೇಕರಿಯವನು ತಾನಾಗಿಯೇ ಬಂದು "ಅಮ್ಮಾ, ಇವತ್ತೂ ಸ್ವಲ್ಪ ಕೂಗ್ತೀರಾ?" ಅಂತ ಮೆಟ್ಟಿಲ ಬುಡದಲ್ಲಿ ನಿಂತು ಕೇಳುತ್ತಿದ್ದ. ದೊಡ್ಡಮ್ಮ ಹೊರಟ ಮೇಲೆ ಲೈಟಣ್ಣ ಬೋರ್ಡನ್ನು ಚಾವಣಿಯಿಂದ ಕೆಳಗಿಳಿಸಿ, ಅಂಗಡಿಯ ಬಾಗಿಲ ಮೇಲಕ್ಕೆ ತಂದು, ಬೆಳಕೆಲ್ಲ ಬೀದಿಗೇ ಬೀಳುವ ಹಾಗೆ ಮೇಲೊಂದು ತಗಡಿನ ಟೋಪಿ ಕೂರಿಸಿದ. ನೋಡಿದರೆ ಮೊದಲಿಗಿಂತ ಚೆನ್ನಾಗಿ ಕಂಡಿತು. ಎತ್ತರಕ್ಕಿದ್ದಾಗ ನಡೆದು ಹೋಗುವವರು ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲವಂತೆ!

ಮುಂದಿನ ವಾರ ಔಷಧಿ ಅಂಗಡಿಯವನು ಬಂದ, ಅವನ ಹಿಂದೆಯೇ ಚಪ್ಪಲಿ ಅಂಗಡಿಯವನು. ಇಬ್ಬರಿಗೂ ಹಾಗೇ ಟೋಪಿಯಿರುವ ಬೋರ್ಡು ಬೇಕಂತೆ. ಲೈಟಣ್ಣ ತಗಡು ಬಗ್ಗಿಸುತ್ತ ಕೂತಿದ್ದಾಗ ಡ್ಯೂಟಿ ಮುಗಿಸಿ ಬಂದ ಹೆಂಡತಿ ಬಾಗಿಲಿಗೆ ಒರಗಿ ನಿಂತು ಸಾಲಾಗಿ ಜೋಡಿಸಿಟ್ಟಿದ್ದ ಟೋಪಿಗಳನ್ನೆಲ್ಲ ಒಂದು ಸಲ ನೋಡಿದಳು.

"ಅಂತೂ ನನ್ನ ಗಂಡ ಇಡೀ ಬೀದಿಗೇ ಟೋಪಿ ಹಾಕ್ತಿದ್ದಾನೆ ಅಂತ ನಾಳೆಯಿಂದ ಧೈರ್ಯವಾಗಿ ಹೇಳ್ಕೋಬಹುದು," ಅಂದಳು.

"ಬರೀ ಹೇಳ್ಕೋಬೇಡ," ಅಂದ ಲೈಟಣ್ಣ ತಗಡಿನ ಒಂದು ತುದಿ ಅವಳತ್ತ ಚಾಚುತ್ತ, "ಬಂದು ಈ ತುದಿ ಹಿಡ್ಕೋ."